ಒಂದೇ ಕೈಗೆ ಆಗುವಷ್ಟು

ಚಂದ್ರಿಕಾ ಸತ್ತ ಆರನೆಯ ದಿನ ನಾನು ಗುರುಲಿಂಗನ ಅಂಗಡಿಗೆ ಹೋಗಿ, ಇರುವುದರಲ್ಲೆಲ್ಲ ಹಗುರವಾದ ವಿಂಡೋ ಮ್ಯಾನೇಜರ್ ಯಾವುದು ಎಂದು ಕೇಳಿದೆ. ನಮ್ಮ ಊರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು ಅವನೊಬ್ಬನೇ. ನನ್ನ ಹೆಂಡತಿಯ ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ. ನಾನು ಹೋದಾಗ ಬಿಚ್ಚಿಟ್ಟ ಕೀಬೋರ್ಡೊಂದರ ಗುಂಡಿಗಳನ್ನು ಒಂದೊಂದಾಗಿ ಮುಟ್ಟುತ್ತ ಬೆಳಗಿನ ಸುತ್ತು ಮುಗಿಸುತ್ತಿದ್ದ. ತಲೆ ಎತ್ತದೆ, "ಮನೇಲಿ ಎಷ್ಟು ಕೈ?" ಎಂದ. ಎಲ್ಲ ಗಿರಾಕಿಗಳಿಗೂ ಅವನು ಮೊದಲು ಕೇಳುವುದು ಅದನ್ನೇ. ಕೇಳಿದ ಮೇಲೆ ನಾನು ಯಾರೆಂದು ನೋಡಿ ನಾಲಿಗೆ ಕಚ್ಚಿಕೊಂಡ.

"ಒಂದು," ಎಂದೆ.

ನಮ್ಮ ಊರಿನಲ್ಲಿ ಹತ್ತೊಂಬತ್ತು ದಿನ ಮನುಷ್ಯರ ಕೈ ತಾಕದ ವಸ್ತು ಇಪ್ಪತ್ತನೆಯ ದಿನ ಇರುವುದಿಲ್ಲ. ಅಟ್ಟದ ಹಂಡೆ, ಟ್ರಂಕಿನ ತಳದ ಸೀರೆ, ಮೊಳೆಗೆ ನೇತುಹಾಕಿ ಮರೆತ ಚೀಲ, ಎಲ್ಲವೂ ಹಾಗೆಯೇ ಹೋಗುತ್ತವೆ. ಇದ್ದ ಜಾಗದಲ್ಲಿ ಧೂಳಿನ ಗುರುತೂ ಉಳಿಯುವುದಿಲ್ಲ. ಹಾಗಾಗಿ ಪ್ರತಿ ಮನೆಯಲ್ಲೂ ಬೆಳಿಗ್ಗೆ ಒಂದು, ಸಂಜೆ ಒಂದು ಸುತ್ತು ಇರುತ್ತದೆ. ಕೋಲಿನಿಂದ ಮುಟ್ಟಿದರೆ ನಡೆಯುವುದಿಲ್ಲ, ಕೈಗವಸು ಹಾಕಿಕೊಂಡರೂ ನಡೆಯುವುದಿಲ್ಲ. ಅಕ್ಷರ ಕಲಿಸುವ ಮೊದಲೇ ಮಕ್ಕಳಿಗೆ ಮುಟ್ಟುವುದನ್ನು ಕಲಿಸುತ್ತಾರೆ: ನೋಡಬೇಡ, ನಿಲ್ಲಬೇಡ, ಬೆರಳು ತಾಕಿಸು, ಮುಂದೆ ಹೋಗು. ನಿಂತು ನೋಡಿದವರ ಮನೆಗಳು ಬರಿದಾಗಿವೆ.

ಕಂಪ್ಯೂಟರಿನೊಳಗಿನದಕ್ಕೂ ಇದೇ ನಿಯಮ. ಮೌಸಿನಿಂದಲೋ ಕೀಲಿಯಿಂದಲೋ ಒಂದು ಸಲ ತೆರೆದು ಮುಚ್ಚಿದರೆ ಸಾಕು, ಆದರೆ ಅದನ್ನು ತೆರೆಯುವುದು ಬೆರಳೇ ಆಗಿರಬೇಕು. ಎಲ್ಲ ಕಡತಗಳನ್ನೂ ತಾನಾಗಿ ತೆರೆದು ಮುಚ್ಚುವ ಪ್ರೋಗ್ರಾಂ ಒಂದನ್ನು ಹೈಸ್ಕೂಲಿನ ಗಣಿತದ ಮೇಷ್ಟರು ಬರೆದರು. ಇಪ್ಪತ್ತನೆಯ ದಿನ ಅವರ ಕಡತಗಳೂ ಇರಲಿಲ್ಲ, ಆ ಪ್ರೋಗ್ರಾಮೂ ಇರಲಿಲ್ಲ. ಪಂಚಾಯಿತಿ ಕಚೇರಿಯ ಯಂತ್ರದಲ್ಲಿ 'ಮುದ್ರಿಸು' ಎಂಬ ಗುಂಡಿಯನ್ನು ಒಂದು ಬೇಸಿಗೆಯಲ್ಲಿ ಯಾರೂ ಒತ್ತಲಿಲ್ಲ. ಅಲ್ಲಿಂದ ಈಚೆಗೆ ಅವರು ಎಲ್ಲವನ್ನೂ ಕೈಯಲ್ಲೇ ಬರೆಯುತ್ತಾರೆ.

ಹೊರಗಿನವರು ವಿಂಡೋ ಮ್ಯಾನೇಜರನ್ನು ವೇಗಕ್ಕೆಂದು ಆರಿಸುತ್ತಾರಂತೆ, ಚೆಂದಕ್ಕೆಂದು ಆರಿಸುತ್ತಾರಂತೆ. ನಾವು ಕೈ ನೋಡಿ ಆರಿಸುತ್ತೇವೆ. ಪರದೆಯ ಮೇಲೆ ಕಿಟಕಿಗಳನ್ನು ತೆರೆದು, ಸರಿಸಿ, ಮುಚ್ಚುವುದಷ್ಟೇ ಅದರ ಕೆಲಸ. ಆದರೆ ತುಂಬಿದ ಡೆಸ್ಕ್‌ಟಾಪಿನಲ್ಲಿ ಅದರ ಸುತ್ತ ಮೆನುಗಳಿರುತ್ತವೆ, ಮೆನುವಿನೊಳಗೆ ಮೆನುಗಳಿರುತ್ತವೆ, ಗಡಿಯಾರ, ಕ್ಯಾಲೆಂಡರು, ಕಸದ ಬುಟ್ಟಿ ಇರುತ್ತವೆ. ನಾನೂರಕ್ಕೂ ಹೆಚ್ಚು ಭಾಗಗಳು. ಒಂದು ಹೋದರೆ ಅದಕ್ಕೆ ಆತುಕೊಂಡ ಇನ್ನೆರಡು ಹೋಗುತ್ತವೆ. ಏಳೆಂಟು ಜನರಿರುವ ಮನೆಯವರು ಅದನ್ನು ಇಟ್ಟುಕೊಳ್ಳಬಹುದು. ನಾವು ಇಬ್ಬರೇ ಇದ್ದರೂ ಇಟ್ಟುಕೊಂಡಿದ್ದೆವು, ಚಂದ್ರಿಕಾಗೆ ಅದು ಬೇಕಿತ್ತು ಎಂಬ ಕಾರಣಕ್ಕೆ. ಅವಳ ಪರದೆಯ ಮೇಲೆ ಬೂದು ಬಣ್ಣದ ಪುಟ್ಟ ಬೆಕ್ಕೊಂದು ಮೌಸಿನ ಬಾಣದ ಹಿಂದೆ ಓಡುತ್ತಿತ್ತು, ಬಾಣ ನಿಂತರೆ ಮುದುಡಿ ಮಲಗುತ್ತಿತ್ತು. "ಇದಕ್ಕೆ ಕೆಲಸ ಏನು?" ಎಂದು ನಾನು ಕೇಳಿದರೆ, "ನಿಮಗೇನು ಕೆಲಸ ಹೇಳಿ ಮೊದಲು," ಎನ್ನುತ್ತಿದ್ದಳು.

ಅವಳ ಕೆಲಸ ಮಾತ್ರ ಊರಿಗೆಲ್ಲ ಗೊತ್ತಿತ್ತು. ಯಾರಾದರೂ ಒಂದು ವಸ್ತುವನ್ನು ಇನ್ನು ಮುಟ್ಟುವುದು ಸಾಧ್ಯವಿಲ್ಲ ಎಂದು ತೀರ್ಮಾನಿಸಿದರೆ ಅದನ್ನು ಬಿಡುವ ಮೊದಲು ಅವಳ ಬಳಿ ತರುತ್ತಿದ್ದರು. ಅವಳು ಅದರ ಸದ್ದನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದಳು. ಬೀಸುಕಲ್ಲು ತಿರುಗುವ ಸದ್ದು, ಹೊಲಿಗೆ ಯಂತ್ರದ ಪೆಡಲು, ಸೊಟ್ಟಗಾದ ಟ್ರಂಕಿನ ಮುಚ್ಚಳ, ತೀರಿಕೊಂಡ ಅಜ್ಜನ ಊರುಗೋಲು ಕಲ್ಲುಚಪ್ಪಡಿಗೆ ತಾಕುವುದು. ಪ್ರತಿಯೊಂದರ ಮೊದಲಲ್ಲೂ ಅದೇನು, ಯಾರ ಮನೆಯದು ಎಂದು ತನ್ನ ದನಿಯಲ್ಲಿ ಹೇಳುತ್ತಿದ್ದಳು. ಒಂಬತ್ತು ವರ್ಷದಲ್ಲಿ ಎರಡು ಸಾವಿರದ ಇನ್ನೂರ ಎಂಬತ್ತು ಸದ್ದುಗಳು. ಮೂರು ದಿನದ ಜ್ವರಕ್ಕೆ ಅವಳು ಹೋದಾಗ ಅವಳ ದನಿ ಉಳಿದದ್ದು ಅಲ್ಲಿ ಮಾತ್ರ. ಇಬ್ಬರು ಮುಟ್ಟುತ್ತಿದ್ದುದನ್ನು ಇನ್ನು ಮುಂದೆ ನಾನೊಬ್ಬನೇ ಮುಟ್ಟಬೇಕಿತ್ತು. ದಿನಕ್ಕೆ ನೂರಿಪ್ಪತ್ತು ಸದ್ದು, ಅದರ ಮೇಲೆ ಮನೆಯ ಪಾತ್ರೆ ಪಗಡ, ಅದರ ಮೇಲೆ ಡೆಸ್ಕ್‌ಟಾಪಿನ ನಾನೂರು ಭಾಗ. ಏನನ್ನಾದರೂ ಬಿಡಲೇಬೇಕಿತ್ತು.

ಗುರುಲಿಂಗ ಅಂಗಡಿಯ ಹಿಂದಿನ ಮೇಜಿನ ಮೇಲೆ ಮೂರು ಯಂತ್ರಗಳನ್ನು ಚಾಲೂ ಮಾಡಿದ. ಮೂರರಲ್ಲೂ ಒಳಗೆ ಓಡುವುದು ಲಿನಕ್ಸ್, ಮೇಲಿನ ವಿಂಡೋ ಮ್ಯಾನೇಜರ್ ಮಾತ್ರ ಬೇರೆ ಬೇರೆ. ಮೊದಲನೆಯದರ ಕೆಳಗೆ ತೆಳುವಾದ ಪಟ್ಟಿ, ಮೂಲೆಯಲ್ಲೊಂದು ಮೆನು. "ಅರವತ್ತು ಭಾಗ. ಮುದುಕರೂ ಬಳಸ್ತಾರೆ," ಎಂದ. ಎರಡನೆಯದರಲ್ಲಿ ಪಟ್ಟಿಯೂ ಇರಲಿಲ್ಲ. ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿದರೆ ಸಣ್ಣದೊಂದು ಮೆನು ಬಿಚ್ಚಿಕೊಳ್ಳುತ್ತಿತ್ತು. "ಹದಿನೆಂಟು."

ಮೂರನೆಯ ಪರದೆ ಪೂರಾ ಕಪ್ಪಗಿತ್ತು. ಕೆಟ್ಟಿದೆ ಎಂದುಕೊಂಡೆ.

"ಕೆಟ್ಟಿಲ್ಲ ಕಣಯ್ಯಾ, ಇದೇ ಅದು. ಮೆನು ಇಲ್ಲ, ಪಟ್ಟಿ ಇಲ್ಲ, ಗಡಿಯಾರ ಇಲ್ಲ. ಮೌಸ್ ಅಲ್ಲಾಡಿಸಿದ್ರೆ ಬಾಣ ಓಡಾಡತ್ತೆ, ಅಷ್ಟೇ. ಏನಿದ್ರೂ ಕೀಲಿ. ಎರಡು ಕೀಲಿ ಒಟ್ಟಿಗೆ ಒತ್ತಿದ್ರೆ ಒಂದು ಕಿಟಕಿ ಬರತ್ತೆ, ಇನ್ನೆರಡು ಒತ್ತಿದ್ರೆ ಹೋಗತ್ತೆ. ಯಾವ ಕೀಲಿಗೆ ಏನು ಅಂತ ನೀನೇ ಬರ್ಕೋಬೇಕು."

"ಎಷ್ಟು ಭಾಗ?"

"ಏಳು." ಅವನು ಕಪ್ಪು ಪರದೆಯಿಂದ ನನ್ನ ಕಡೆ ತಿರುಗಿದ. "ನಿನಗೆ ಇದನ್ನ ಕೊಡಕ್ಕೆ ನನಗೆ ಮನಸ್ಸಿಲ್ಲ. ಬೇರೆಯವರು ಬಂದು ಕೂತ್ರೆ ಇದರಲ್ಲಿ ಏನೂ ಮಾಡಕ್ಕಾಗಲ್ಲ. ಎರಡನೇದು ತಗೋ. ಹನ್ನೊಂದು ಜಾಸ್ತಿ ಆದ್ರೇನಂತೆ?"

ಹನ್ನೊಂದು ಭಾಗವೆಂದರೆ ಹನ್ನೊಂದು ಸದ್ದು ಎಂದು ನಾನು ಯೋಚಿಸುತ್ತಿದ್ದೆ. ಯಾವ ಹನ್ನೊಂದನ್ನು ಅವನು ಬಿಡು ಎನ್ನುತ್ತಾನೆ? "ಬೇರೆಯವರು ಕೂರೋದು ನನಗೆ ಬೇಕಿಲ್ಲ," ಎಂದೆ.

"ಹಠಮಾರಿ," ಎಂದ ಗುರುಲಿಂಗ. ಆದರೆ ಹಾಕಿಕೊಟ್ಟ.

ಹನ್ನೊಂದನೆಯ ದಿನ ನಮ್ಮ ಬೀದಿಯವರು ಹಂಚಿಕೆಗೆ ಬಂದರು. ಸತ್ತವರ ವಸ್ತುಗಳನ್ನು ಒಬ್ಬೊಬ್ಬರು ಒಂದೊಂದರಂತೆ ತಮ್ಮ ಸುತ್ತಿಗೆ ಸೇರಿಸಿಕೊಳ್ಳುವುದು ಇಲ್ಲಿಯ ಪದ್ಧತಿ. ಪಕ್ಕದ ಮನೆಯ ತುಳಸಮ್ಮ ಚಂದ್ರಿಕಾಳ ಕಾಫಿ ಲೋಟವನ್ನು ಸೆರಗಿನಲ್ಲಿ ಒರೆಸಿ ತೆಗೆದುಕೊಂಡರು. ಎದುರುಮನೆಯ ದರ್ಜಿ ಮರಿಸ್ವಾಮಿ ಅವಳ ಛತ್ರಿಯನ್ನು ಬಿಡಿಸಿ, ಮಡಿಸಿ, ಮತ್ತೆ ಬಿಡಿಸಿದ.

"ಬದುಕಿದ್ದಾಗ ಈ ಛತ್ರೀನ ಒಂದು ಸಲ ಕೇಳಿದ್ದೆ. ಕೊಡಲಿಲ್ಲ ಮಾರಾಯ್ತಿ," ಎಂದ.

"ನಿನಗೆ ಕೊಟ್ಟಿದ್ರೆ ವಾಪಸ್ ಬರ್ತಿತ್ತೇನೋ? ಆರು ವರ್ಷದ ಹಿಂದೆ ಒಯ್ದ ನಮ್ಮನೆ ಏಣಿ ಇನ್ನೂ ನಿನ್ನ ಸುತ್ತಲ್ಲೇ ಇದೆ," ಎಂದರು ತುಳಸಮ್ಮ.

"ನಾನು ಮುಟ್ತಾ ಇರೋದಕ್ಕೆ ಅದು ಇದೆ. ನಿಮ್ಮನೇಲಿದ್ದಿದ್ರೆ ಯಾವತ್ತೋ ಹೋಗಿರೋದು."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ತುಳಸಮ್ಮ ಒಳಕೋಣೆಯ ಕಡೆ ನೋಡಿದರು. "ಆ ಸದ್ದುಗಳನ್ನೂ ಹಂಚಿಬಿಡಪ್ಪ ಭಾಸ್ಕರ. ತಲೆಗೆ ಒಂದಷ್ಟು ಅಂತ ಬಂದು ಮುಟ್ಟಿ ಹೋಗ್ತೀವಿ. ನಮ್ಮತ್ತೆಯವರ ಬೀಸುಕಲ್ಲೂ ಅದರೊಳಗೇ ಇದೆ."

"ಬೇಡಿ. ಅದು ನನ್ನದು."

"ಅಯ್ಯೋ, ನಿಂದಲ್ಲ ಅಂದೋರ್ಯಾರು? ಕೈ ಸಾಲತ್ತಾ ಅಂದೆ."

"ಸಾಲತ್ತೆ. ತುಂಬ ಹಗುರದ್ದು ಹಾಕಿಸಿದೀನಿ."

ಹಗುರದ್ದು ಎಂದರೇನೆಂದು ಅವರಿಗೆ ತಿಳಿಯಲಿಲ್ಲ. ಆದರೆ ನನ್ನ ಮುಖ ನೋಡಿ ಮತ್ತೆ ಕೇಳಲಿಲ್ಲ. ಆ ದಿನ ನನಗೆ ಅನಿಸಿದ್ದನ್ನು ಈಗ ಹೇಳಬಹುದು. ಲೋಟ ಹೋಯಿತು, ಛತ್ರಿ ಹೋಯಿತು, ಚಪ್ಪಲಿಯನ್ನು ಕೂಡ ಯಾರೋ ಒಯ್ದರು. ಅವಳ ದನಿಯ ಮೇಲೂ ಬೀದಿಯ ಹದಿಮೂರು ಮನೆಯವರ ಬೆರಳು ಆಡುವುದನ್ನು ನಾನು ಒಪ್ಪಲಾರದಾಗಿದ್ದೆ.

ಕಪ್ಪು ಪರದೆಗೆ ನಾನು ಬೇಗನೆ ಒಗ್ಗಿಕೊಂಡೆ. ಗುರುಲಿಂಗ ಹಾಕಿಕೊಟ್ಟಿದ್ದ ಕೀಲಿಗಳನ್ನೆಲ್ಲ ಬದಲಾಯಿಸಿ ನನ್ನ ಬೆರಳು ತಾನಾಗಿ ಹೋಗುವ ಜಾಗಕ್ಕೆ ತಂದುಕೊಂಡೆ. ಬರೆದಿಡಲಿಲ್ಲ, ನನ್ನ ಬೆರಳುಗಳಿಗೆ ಗೊತ್ತಿದ್ದರೆ ಸಾಕಿತ್ತು. ದನಿ ಜೋರು ಮಾಡುವ ಕೀಲಿಯನ್ನು ಮಾತ್ರ ಇಡಲೇ ಇಲ್ಲ. ಅದು ಎಂಟನೆಯ ಭಾಗವಾಗುತ್ತಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ನನಗೆ ಕೇಳುವ ಧೈರ್ಯವಿರಲಿಲ್ಲ. ಸದ್ದುಗಳು ತುಟಿಪಿಟಕ್ಕೆನ್ನದೆ ತೆರೆದುಕೊಂಡು, ತುಟಿಪಿಟಕ್ಕೆನ್ನದೆ ಮುಚ್ಚಿಕೊಳ್ಳುತ್ತಿದ್ದವು. ಬೆಳಿಗ್ಗೆ ಅರವತ್ತು, ಸಂಜೆ ಅರವತ್ತು.

ಅವಳು ಕೊನೆಯ ಸಲ ಯಂತ್ರದ ಮುಂದೆ ಕೂತಿದ್ದು ಜ್ವರ ಬರುವ ಹಿಂದಿನ ದಿನ. ಅಲ್ಲಿಂದ ಈಚೆಗೆ ನಾನು ಕೀಲಿಗಳಿಂದ ಸದ್ದುಗಳನ್ನಷ್ಟೇ ತೆರೆದು ಮುಚ್ಚಿದ್ದೆ, ಅವಳ ಬೆಕ್ಕನ್ನೂ ಮೆನುಗಳನ್ನೂ ಮುಟ್ಟಿರಲಿಲ್ಲ. ಹತ್ತೊಂಬತ್ತನೆಯ ದಿನ ನಾನು ಅದೇ ಯಂತ್ರದಲ್ಲಿ ಉಳಿದಿದ್ದ ಹಳೆಯ ಡೆಸ್ಕ್‌ಟಾಪಿಗೆ ಒಮ್ಮೆ ಹೋದೆ. ಮೆನುಗಳು, ಗಡಿಯಾರ, ಅವಳು ಜೋಡಿಸಿಟ್ಟ ಚಿತ್ರಗಳೆಲ್ಲ ಇದ್ದವು. ಬೆಕ್ಕು ಬಲಮೂಲೆಯಲ್ಲಿ ಮುದುಡಿ ಮಲಗಿತ್ತು. ಮೌಸು ಅಲುಗಿಸಿದರೆ ಅದು ಎದ್ದು ಓಡಿಬರುತ್ತಿತ್ತು, ಇನ್ನು ಹತ್ತೊಂಬತ್ತು ದಿನ ಬದುಕುತ್ತಿತ್ತು, ಮತ್ತೆ ನಾನು ಬರಬೇಕಾಗುತ್ತಿತ್ತು. ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದೆ. ಆಮೇಲೆ ಕೀಲಿಯೊಂದನ್ನು ಒತ್ತಿ ಕಪ್ಪಿಗೆ ಮರಳಿದೆ. ಮರುದಿನ ಆ ಕಡೆ ಏನೂ ಇರಲಿಲ್ಲ.

ಐದು ತಿಂಗಳು ಒಂದು ಸದ್ದನ್ನೂ ಕಳೆದುಕೊಳ್ಳಲಿಲ್ಲ. ಬೀದಿಯಲ್ಲಿ ಸಿಕ್ಕವರು ಕೇಳುತ್ತಿದ್ದರು, ನಾನು ಎಲ್ಲವೂ ಇವೆ ಎನ್ನುತ್ತಿದ್ದೆ. ಹಾಗೆ ಹೇಳುವಾಗ ನನಗೆ ಹೆಮ್ಮೆಯಾಗುತ್ತಿತ್ತು.

ಆರನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಹಿತ್ತಿಲಿನ ಒಗೆಯುವ ಕಲ್ಲಿನ ಬಳಿ ಜಾರಿ ಬಿದ್ದೆ. ತಲೆ ಕಲ್ಲಿಗೆ ಬಡಿಯಿತು. ಮುಂದಿನದು ಕೇಳಿ ತಿಳಿದದ್ದು. ತುಳಸಮ್ಮ ಕೂಗಿಕೊಂಡರಂತೆ, ಗುರುಲಿಂಗ ಅಂಗಡಿ ತೆರೆದಿಟ್ಟೇ ಓಡಿಬಂದು ವ್ಯಾನಿನಲ್ಲಿ ಹಾಕಿಕೊಂಡು ಪಕ್ಕದ ಊರಿನ ಆಸ್ಪತ್ರೆಗೆ ಒಯ್ದನಂತೆ. ವ್ಯಾನಿನ ಕಿಟಕಿಯಲ್ಲಿ ಮರಿಸ್ವಾಮಿ, "ಮನೆ ನಾವು ನೋಡ್ಕೋತೀವಿ, ನೀನು ಅವನನ್ನ ಬಿಟ್ಟು ಬರಬೇಡ," ಎಂದನಂತೆ. ಗುರುಲಿಂಗ ಬಿಟ್ಟು ಬರಲಿಲ್ಲ. ನನಗೆ ಪೂರ್ತಿ ಎಚ್ಚರವಾದದ್ದು ಹತ್ತನೆಯ ದಿನ. ಪ್ರಜ್ಞೆ ಇಲ್ಲದಾಗಲೂ ನನ್ನ ಬೆರಳುಗಳು ಮಂಚದ ಕಂಬಿಯನ್ನು ಒಂದರ ನಂತರ ಒಂದು ಮುಟ್ಟುತ್ತಿದ್ದವು, ಇದ್ಯಾವ ಕಾಯಿಲೆ ಎಂದು ನರ್ಸು ಕೇಳಿದ್ದಳು ಎಂದು ಅವನು ಹೇಳಿದ. ಆ ಊರಿನಲ್ಲಿ ಯಾರೂ ಏನನ್ನೂ ಮುಟ್ಟಬೇಕಾಗಿಲ್ಲ. ವಾರ್ಡಿನ ಮೂಲೆಯಲ್ಲಿ ಒಂದು ಮುರಿದ ಗಾಲಿಕುರ್ಚಿ ಧೂಳು ಹಿಡಿದು ಸುಮ್ಮನೆ ಇತ್ತು.

"ಸದ್ದುಗಳು?" ಎಂದೆ.

ಗುರುಲಿಂಗ ನೀರಿನ ಲೋಟ ಮುಂದೆ ಮಾಡಿದ. "ಮೊದಲು ಕುಡಿ."

ನಾನು ಬಿದ್ದ ಎರಡನೆಯ ದಿನವೇ ತುಳಸಮ್ಮ ಅವನಿಗೆ ಫೋನು ಮಾಡಿದ್ದರು. ಅಲ್ಲಿ ನಡೆದ ಮಾತನ್ನು ಆಮೇಲೆ ಇಬ್ಬರೂ ಬೇರೆ ಬೇರೆಯಾಗಿ ನನಗೆ ಹೇಳಿದ್ದಾರೆ, ಎರಡೂ ಒಂದೇ ಥರ ಇದೆ.

"ಕಪ್ಪಗಿದೆ ಕಣಪ್ಪ ಗುರುಲಿಂಗ. ಏನೂ ಕಾಣ್ತಿಲ್ಲ."

"ಅದು ಹಾಗೇ ಇರೋದು ತುಳಸಮ್ಮ. ಕೆಳಗಡೆ ಎಡಗಡೆಯಿಂದ ಎರಡನೇ ಕೀಲಿ ಹಿಡ್ಕೊಳ್ಳಿ. ಹಿಡ್ಕೊಂಡೇ ಉದ್ದದ ದೊಡ್ಡ ಕೀಲಿ ಒತ್ತಿ."

"ಒತ್ತಿದೆ."

"ಏನಾಯ್ತು?"

"ಕಪ್ಪಗಿದೆ."

"ಇನ್ನೊಂದು ಹೇಳ್ತೀನಿ ನೋಡಿ." ಅವನು ತಾನು ಹಾಕಿಕೊಟ್ಟಿದ್ದ ಏಳನ್ನೂ ಹೇಳಿದ. ಏಳನ್ನೂ ನಾನು ಬದಲಾಯಿಸಿದ್ದೆ.

"ಇವನು ಕೀಲಿ ಬದಲಾಯಿಸಿಬಿಟ್ಟಿದಾನೆ," ಎಂದನಂತೆ ಗುರುಲಿಂಗ.

"ಕೇಳಪ್ಪ ಅವನನ್ನೇ. ಒಂದ್ಮಾತು ಕೇಳಿ ಹೇಳು."

"ಅವನಿಗೆ ಎಚ್ಚರಾನೇ ಇಲ್ಲ ತುಳಸಮ್ಮ."

ದಿನಕ್ಕೆ ನೂರಿಪ್ಪತ್ತರಂತೆ ಹೋಗುತ್ತಿವೆ ಎಂದು ಎಲ್ಲರಿಗೂ ಗೊತ್ತಿತ್ತು. ಹದಿಮೂರು ಮನೆಯವರೂ ದಿನವೂ ನನ್ನ ಮನೆಗೆ ಬಂದರು. ಪಾತ್ರೆ, ಬಟ್ಟೆ, ಬಾಗಿಲು, ಹಾಸಿಗೆ, ನನ್ನ ಕ್ಷೌರದ ಬ್ಲೇಡನ್ನು ಕೂಡ ಬಿಡದೆ ಮುಟ್ಟಿದರು. ಆಮೇಲೆ ಒಳಕೋಣೆಗೆ ಹೋಗಿ ಕಪ್ಪು ಪರದೆಯ ಮುಂದೆ ನಿಂತರು. ಕೀಲಿಗಳನ್ನೆಲ್ಲ ಮುಟ್ಟಿದರು. ಅದರಿಂದ ಏನೂ ಆಗದಿದ್ದಾಗ ಸಾಲಾಗಿ ನಿಂತು ಒಬ್ಬೊಬ್ಬರೂ ಗಾಜಿನ ಮೇಲೆ ಅಂಗೈ ಒತ್ತಿದರು. ಒಳಗಿರುವುದಕ್ಕೆ ಒಂದಿಷ್ಟಾದರೂ ತಾಕಬಹುದು ಎಂಬ ಆಸೆಯಿಂದ.

ಹನ್ನೆರಡನೆಯ ದಿನ ನಾನು ಮನೆಗೆ ಬಂದಾಗ ಪರದೆಯ ತುಂಬ ಅಂಗೈಗಳಿದ್ದವು. ಒಂದರ ಮೇಲೊಂದು, ಎಣ್ಣೆ ಎಣ್ಣೆಯಾಗಿ. ಕೆಳಗಡೆ ಮಕ್ಕಳವು. ಗಾಜು ಚೆನ್ನಾಗಿತ್ತು, ಕೀಬೋರ್ಡು ಚೆನ್ನಾಗಿತ್ತು. ನನ್ನ ಎರಡು ಕೀಲಿಗಳನ್ನು ಒತ್ತಿದೆ. ಕಿಟಕಿ ಬಂತು. ಎಂಟುನೂರ ನಲವತ್ತು ಉಳಿದಿದ್ದವು. ತುಳಸಮ್ಮ ಬಾಗಿಲಲ್ಲೇ ನಿಂತಿದ್ದರು.

"ಬೀಸುಕಲ್ಲು ಇದೆಯೇನಪ್ಪ?"

ಹುಡುಕಿದೆ. "ಇಲ್ಲ ತುಳಸಮ್ಮ."

ಅವರು ತಲೆಯಾಡಿಸಿದರು. "ಊಟಕ್ಕೆ ಸಾರು ಕಳಿಸ್ತೀನಿ. ಬೇಯಿಸಕ್ಕೆ ಹೋಗಬೇಡ," ಎಂದು ಹೊರಟರು. ಅವರು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಗುರುಲಿಂಗನ ಅಂಗಡಿಗೆ ಹೋದೆ. ಎಡಗಡೆಯ ಗೋಡೆಯಲ್ಲಿ ಬಿಡಿಭಾಗಗಳ ಕಪಾಟು ಇದ್ದ ಜಾಗ ಬರೀ ಸುಣ್ಣವಾಗಿತ್ತು. ಆಸ್ಪತ್ರೆಯಲ್ಲಿ ಅವನು ನನ್ನ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ದಿನಗಳಲ್ಲಿ ಹೋದದ್ದು ಅದು. ನಾನು ಆ ಕಡೆ ನೋಡಿದ್ದನ್ನು ಅವನು ನೋಡಿದ.

"ಮೊದಲನೇದು ಹಾಕು. ಪಟ್ಟಿ ಇರೋದು. ಮುದುಕರೂ ಬಳಸ್ತಾರೆ ಅಂದೆಯಲ್ಲ," ಎಂದೆ.

"ಅರವತ್ತು ಭಾಗ ಕಣಯ್ಯಾ."

"ಇರಲಿ."

ಅವನು ಮನೆಗೇ ಬಂದು ಹಾಕಿದ. ಅಂಗೈ ಗುರುತುಗಳನ್ನು ಒರೆಸಲು ಬಟ್ಟೆ ಎತ್ತಿಕೊಂಡವನು ನನ್ನನ್ನು ನೋಡಿ ಕೆಳಗಿಟ್ಟ. ಬೀದಿಯ ಪ್ರತಿ ಮನೆಗೆ ಒಂದು ಗುಂಡಿ ಮಾಡಿ ಪರದೆಯ ಮೇಲೆ ಇಟ್ಟೆವು. ಗುಂಡಿಯ ಮೇಲೆ ಮನೆಯವರ ಹೆಸರು, ಒತ್ತಿದರೆ ಅವರ ಪಾಲಿನ ಅರವತ್ತು ಸದ್ದು. ಹದಿಮೂರು ಮನೆ, ಹದಿನಾಲ್ಕನೆಯವನು ನಾನು. ಹೆಚ್ಚು ಹೊತ್ತು ಪರದೆ ನೋಡಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ನನಗೆ ಇನ್ನೂ ಕಡಿಮೆ ಕೊಡಬೇಕೆಂದು ತುಳಸಮ್ಮ ವಾದಿಸಿದರು. ನಾನು ಒಪ್ಪಲಿಲ್ಲ.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಎಲ್ಲರೂ ಬಂದರು. ಮೊದಲು ತುಳಸಮ್ಮ ಕೂತರು. ಮೌಸನ್ನು ಎರಡು ಬೆರಳಲ್ಲಿ ಹಿಡಿದು ತಮ್ಮ ಹೆಸರಿನ ಗುಂಡಿ ಒತ್ತಿ, ಮೊದಲ ಸದ್ದನ್ನು ತೆರೆದರು. ಹೊಸ ಪಟ್ಟಿಯ ಮೂಲೆಯಲ್ಲಿ ದನಿಯ ಚಿಹ್ನೆಯೊಂದು ಇತ್ತು. ಅದು ತೆರೆದೇ ಇದೆ ಎಂದು ನಾವ್ಯಾರೂ ಯೋಚಿಸಿರಲಿಲ್ಲ.

"ಇದು," ಎಂದಳು ಚಂದ್ರಿಕಾ.

ತುಳಸಮ್ಮ ಮುಚ್ಚಿದರು. ಮುಂದಿನದನ್ನು ತೆರೆದರು. "ಇದು," ಎಂದಳು. ಮುಚ್ಚಿದರು. ತುಳಸಮ್ಮನ ಕಣ್ಣಿಂದ ನೀರು ಇಳಿಯುತ್ತಿತ್ತು, ಬೆರಳು ನಿಲ್ಲಲಿಲ್ಲ. ಎಲ್ಲ ಸದ್ದುಗಳನ್ನೂ ಅವಳು ಒಂದೇ ಮಾತಿನಿಂದ ಶುರು ಮಾಡಿದ್ದಳು. ಇದು ಯಾರ ಮನೆಯ ಚಿಲಕ, ಇದು ಯಾರ ಕಾಲಿನ ಗೆಜ್ಜೆ, ಅಲ್ಲಿಯವರೆಗೆ ಯಾರೂ ಹೋಗಲಿಲ್ಲ. ಮರಿಸ್ವಾಮಿ ಕೂತ. ಅವನ ಹೆಂಡತಿ ಕೂತಳು. ಕೊನೆಯ ಮನೆಯ ಮೇಷ್ಟರು ಕನ್ನಡಕ ಒರೆಸಿಕೊಂಡು ಕೂತರು. ಇದು. ಇದು. ಇದು. ನಡುವೆ ಒಮ್ಮೆ ನಾನು, "ಒಂದನ್ನಾದ್ರೂ ಪೂರ್ತಿ ಕೇಳಕ್ಕೆ ಬಿಡ್ತೀರಾ?" ಎಂದೆ. ಮರಿಸ್ವಾಮಿ ತನ್ನ ಕೈ ನೋಡಿಕೊಂಡ. "ಬಿಡಬೇಕು ಅಂತಾನೇ ಇದೀನಿ ಭಾಸ್ಕರ. ಕೈ ಕೇಳ್ತಿಲ್ಲ. ಇನ್ನೊಂದು ಹತ್ತು ನಿಮಿಷಕ್ಕೆ ಮನೇಲಿ ಕತ್ತರಿ, ನೂಲು ಮುಟ್ಟೋದಿದೆ," ಎಂದ. ಅವನ ಮಾತು ಸುಳ್ಳಲ್ಲ. ಅವರೆಲ್ಲ ಹನ್ನೆರಡು ದಿನ ನನ್ನ ಮನೆಯನ್ನು ಮುಟ್ಟಿ, ತಮ್ಮ ಮನೆಗಳಲ್ಲಿ ಎಷ್ಟೋ ಕಳೆದುಕೊಂಡಿದ್ದರು.

ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಹೋದರು. ನಾನು ಕೂತೆ. ನನ್ನ ಹೆಸರಿನ ಗುಂಡಿ ಒತ್ತಿದೆ. ಮೊದಲನೆಯದರ ಮೇಲೆ ಬಾಣವನ್ನು ಇಟ್ಟುಕೊಂಡು ಬಹಳ ಹೊತ್ತು ಇದ್ದೆ. ತೆರೆದೆ.

"ಇದು," ಎಂದಳು. ಮುಂದಿನ ಮಾತಿಗೆ ಅವಳು ಉಸಿರು ಎಳೆದುಕೊಂಡದ್ದು ಕೇಳಿಸಿತು. ಅಷ್ಟರಲ್ಲಿ ನನ್ನ ಬೆರಳು ಅದನ್ನು ಮುಚ್ಚಿತ್ತು.

ಇನ್ನೊಮ್ಮೆ ತೆರೆಯಬಹುದಿತ್ತು. ಐವತ್ತೊಂಬತ್ತು ಬಾಕಿ ಇದ್ದವು. ಹೊಸ ಮೆನುಗಳನ್ನು ಇನ್ನೂ ಮುಟ್ಟಿರಲಿಲ್ಲ, ಹಿತ್ತಿಲಲ್ಲಿ ಬಕೆಟ್ಟು, ಹಗ್ಗ, ಒಗೆಯುವ ಕಲ್ಲು ಇದ್ದವು. ಎರಡನೆಯದನ್ನು ತೆರೆದೆ.